ಕಿಟಕಿಗಾಗಿ ನಡೆದ ಹೊಡೆದಾಟ

ಜಪಾನಿನಲ್ಲಿ ಸುನಾಮಿ ತಂದ ಆ ದೊಡ್ಡ ಭೂಕಂಪವಾಗಿ ನಾಲ್ಕು ವರ್ಷ ಕಳೆದಿತ್ತು. ನಾನಾಗ ಟೋಕಿಯೋದಲ್ಲಿ ವೈದ್ಯಕೀಯ ದುಭಾಷಿ. ಅಂದರೆ ಜಪಾನಿ ಡಾಕ್ಟರು ಹೇಳಿದ್ದನ್ನು ನಮ್ಮವರಿಗೆ ಕನ್ನಡದಲ್ಲೋ ಹಿಂದಿಯಲ್ಲೋ ತಿಳಿಸುವುದು, ನಮ್ಮವರು ಹೇಳಿದ್ದನ್ನು ಡಾಕ್ಟರಿಗೆ ಜಪಾನಿಯಲ್ಲಿ ಒಪ್ಪಿಸುವುದು. ನಮ್ಮದೊಂದು ಮಾತು ಸೇರಿಸುವ ಹಾಗಿಲ್ಲ. ನನ್ನಂಥ ಬಾಯಿಬಡುಕಿಗೆ ಅದು ಶಿಕ್ಷೆಯೇ ಸರಿ. ಅದಕ್ಕೂ ಮುಂಚೆ ಬೆಂಗಳೂರಿನ ಆಸ್ಪತ್ರೆಯೊಂದರ ಎಮರ್ಜೆನ್ಸಿ ವಾರ್ಡಿನಲ್ಲಿ ಹಲವು ವರ್ಷ ನರ್ಸ್ ಆಗಿದ್ದೆ. ಯಜಮಾನರ ಕೆಲಸದ ಹಿಂದೆ ಜಪಾನಿಗೆ ಬಂದವಳು ಭಾಷೆ ಕಲಿತು ಈ ಕೆಲಸ ಹಿಡಿದೆ.

ನಮ್ಮ ಮನೆ ಓಜಿಮಾದಲ್ಲಿ. ಅಲ್ಲಿನ ದೊಡ್ಡ ದೊಡ್ಡ ವಸತಿ ಬ್ಲಾಕುಗಳ ತುಂಬ ಐಟಿ ಕಂಪನಿಗಳಿಂದ ಬಂದ ನಮ್ಮ ಜನ. ಬಂದವರು ಮೊದಲು ಕಲಿಯುವುದು ಸದ್ದು ಮಾಡದೆ ಬದುಕುವುದನ್ನು. ಬೆಳಿಗ್ಗೆ ಬೇಗ ಮಿಕ್ಸಿ ಹಾಕಬಾರದು, ಮಕ್ಕಳು ಮನೆಯೊಳಗೆ ಓಡಬಾರದು, ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಕಿರುಚಬಾರದು. ಜಪಾನಿಯವರು ಬೈಯುವುದಿಲ್ಲ, ತಲೆ ಬಗ್ಗಿಸಿ ಒಂದೇ ಒಂದು ಸಲ ಹೇಳುತ್ತಾರೆ. ನಮ್ಮವರಿಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟುತ್ತದೆ. ಹೀಗಾಗಿ ಕೆಲವು ವರ್ಷ ಅಲ್ಲಿದ್ದವರು ಜಪಾನಿಯವರಿಗಿಂತ ಒಂದು ಕೈ ಮಿಗಿಲಾದ ಜಪಾನಿಯವರಾಗಿಬಿಡುತ್ತಾರೆ.

ಆ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಹುಡುಗರು ಡೊಳ್ಳು ಕುಣಿತ ಮಾಡುವುದಾಗಿ ಹೊರಟರು. ಪ್ರಾಕ್ಟೀಸಿಗೆ ಬ್ಲಾಕಿನ ಕೆಳಗಿನ ಹಾಲ್ ಸಿಕ್ಕಿತ್ತು. ಮೊದಲನೇ ವಾರವೇ ಹಾಲ್ ನೋಡಿಕೊಳ್ಳುವವರು ಬಂದು, ಸ್ವಲ್ಪ ಮೆಲ್ಲಗೆ ಬಾರಿಸಲು ಆಗುತ್ತದೆಯೇ ಎಂದು ಕೇಳಿ ಹೋದರು. ಡೊಳ್ಳನ್ನು ಮೆಲ್ಲಗೆ ಬಾರಿಸುವುದಂತೆ! ನಮ್ಮವರು ಡೊಳ್ಳಿಗೆ ಸ್ನಾನದ ಟವೆಲ್ ಸುತ್ತಿದರು, ಕಿಟಕಿಗಳನ್ನೆಲ್ಲ ಚಿಲಕ ಹಾಕಿ ಮುಚ್ಚಿದರು. ಆ ತಂಡದ ಮುಂದಾಳು ಮಹೇಶ. ಅವನ ಜೀವದ ಗೆಳೆಯ ನವೀನ. ಇಬ್ಬರೂ ಮೈಸೂರಿನವರು, ಒಂದೇ ಕಾಲೇಜು, ಒಂದೇ ಕಂಪನಿ.

ನವೀನನಿಗೆ ಚಿಕ್ಕಂದಿನಿಂದ ಆಸ್ತಮಾ. ಊರಿನಿಂದ ತಂದಿದ್ದ ಇನ್‌ಹೇಲರ್, ಅಂದರೆ ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿ, ಮುಗಿದುಹೋಗಿತ್ತು. ಆಫೀಸಿನಲ್ಲಿ ಹೊಸ ಸಾಫ್ಟ್‌ವೇರಿನ ರಿಲೀಸ್ ಇತ್ತು. ಅದು ಮುಗಿಯಲಿ, ಆಮೇಲೆ ಕ್ಲಿನಿಕ್ಕಿಗೆ ಹೋಗುತ್ತೇನೆ ಎಂದು ಹೆಂಡತಿ ರೂಪಾಗೆ ಹೇಳುತ್ತಲೇ ಇದ್ದ. ವಾರವಿಡೀ ಕೆಮ್ಮಿದ, ಮಾಸ್ಕ್ ಹಾಕಿಕೊಂಡು ಕೆಮ್ಮಿದ. ಚಳಿಗಾಲ ಹತ್ತಿರವಾದಾಗ ಟೋಕಿಯೋದ ರೈಲಿನಲ್ಲಿ ಅರ್ಧ ಜನ ಮಾಸ್ಕಿನಲ್ಲೇ ಇರುತ್ತಾರೆ. ಅವನನ್ನು ಯಾರೂ ತಿರುಗಿ ನೋಡಲಿಲ್ಲ.

ಶನಿವಾರ ಮಧ್ಯಾಹ್ನದ ಪ್ರಾಕ್ಟೀಸಿಗೆ ಅವನು ರೂಪಾಳ ಜೊತೆ ಬಂದ. ಹಾಲಿನೊಳಗೆ ನಡೆದದ್ದನ್ನು ನಾನು ಆಮೇಲೆ ಎಲ್ಲರ ಬಾಯಿಂದ ಕೇಳಿ ತಿಳಿದೆ. ಡೊಳ್ಳಿಗೆ ಪೂಜೆ ಮಾಡಿ ಲೋಬಾನದ ಧೂಪ ಹಾಕಿದ್ದರು. ಮುಚ್ಚಿದ ಕೋಣೆ, ಗವ್ವೆನ್ನುವ ಹೊಗೆ. ಸ್ವಲ್ಪ ಹೊತ್ತು ಬಾರಿಸಿದ ನವೀನ ಡೊಳ್ಳು ಇಳಿಸಿ ಕಿಟಕಿಯ ಕಡೆ ನಡೆದ. ಚಿಲಕಕ್ಕೆ ಕೈ ಹಾಕಿದ. ಮಹೇಶ ಅಡ್ಡ ಬಂದು, "ಏಯ್, ಸದ್ದು ಹೋಗತ್ತೆ, ತೆಗೀಬೇಡ" ಎಂದ. ನವೀನ ಅವನ ಬಾಯಿಗೆ ಗುದ್ದಿದ. ಹಲ್ಲು ಮುರಿದು ರಕ್ತ ಬಂತು. ಬಿಡಿಸಲು ಓಡಿಬಂದ ರೂಪಾಳನ್ನು ಗೋಡೆಗೆ ಎತ್ತಿ ಒಗೆದ ಹಾಗೆ ತಳ್ಳಿದ. ಆಮೇಲೆ ಮುಷ್ಟಿಯಲ್ಲೇ ಗಾಜಿಗೆ ಹೊಡೆದ. ಅಲ್ಲಿನ ಗಾಜಿನೊಳಗೆ ತಂತಿಬಲೆ ಇರುತ್ತದೆ. ಗಾಜು ಬಿರುಕು ಬಿಟ್ಟಿತೇ ಹೊರತು ಬೀಳಲಿಲ್ಲ. ಮತ್ತೆ ಮತ್ತೆ ಹೊಡೆದ. ಕೈಯ ಚರ್ಮ ಕಿತ್ತುಬಂತು. ಮೂರು ಜನ ಸೇರಿ ಅವನನ್ನು ಕೆಡವಿ, ಬೋರಲು ಹಾಕಿ, ಮೇಲೆ ಕೂತರು.

ನನಗೆ ಫೋನ್ ಬಂದದ್ದು ಆಗ. ಮಹೇಶನೇ ಮಾಡಿದ್ದ. "ಶೈಲಕ್ಕಾ, ಬೇಗ ಹಾಲ್ ಹತ್ರ ಬನ್ನಿ. ನವೀನಂಗೆ ತಲೆ ಕೆಟ್ಟಿದೆ, ಎಲ್ಲರನ್ನೂ ಹೊಡೀತಿದಾನೆ. ಹೊರಗಡೆ ಜಪಾನಿಯವ್ರು ಸೇರಿಬಿಟ್ಟಿದಾರೆ. ಏನಿಲ್ಲ, ಸಣ್ಣ ಜಗಳ, ಸಾರಿ ಅಂತ ನೀವೇ ನೀಟಾಗಿ ಹೇಳಿ ಕಳಿಸ್ಬೇಕು."

ಪಕ್ಕದ ಬ್ಲಾಕಿನಿಂದ ಓಡಿದೆ. ಬಾಗಿಲು ತೆಗೆದರೆ ಹೊಗೆ ಮುಖಕ್ಕೆ ಬಡಿಯಿತು. ಗಾಜಿನ ಮೇಲೆ ರಕ್ತ, ನೆಲದ ಮೇಲೆ ರಕ್ತ, ಮಹೇಶನ ಅಂಗಿಯ ಮೇಲೆ ರಕ್ತ. ಅವನ ಮೊಣಕಾಲು ನವೀನನ ಬೆನ್ನ ಮೇಲಿತ್ತು. ಇನ್ನಿಬ್ಬರು ಕಾಲು ಹಿಡಿದಿದ್ದರು. ಮೂಲೆಯಲ್ಲಿ ರೂಪಾ ಕೆನ್ನೆ ಹಿಡಿದುಕೊಂಡು ಕೂತಿದ್ದಳು.

"ಈಗ ಸ್ವಲ್ಪ ಸುಮ್ನಾದ ಅಕ್ಕ," ಎಂದ ಮಹೇಶ.

"ಹೂಂ ಅಕ್ಕ, ಆಗಿಂದ ಎದೇಲಿ ಸುಂಯ್ ಸುಂಯ್ ಅಂತಿತ್ತಲ್ಲ, ಅದೂ ನಿಂತಿದೆ," ಎಂದಳು ರೂಪಾ.

ಅಯ್ಯೋ ದೇವರೇ! ಆಸ್ತಮಾ ಇರುವವರ ಎದೆಯಲ್ಲಿ ಸುಂಯ್‌ಗುಟ್ಟುವುದು ಕಿರಿದಾದ ಕೊಳವೆಗಳಲ್ಲಿ ಗಾಳಿ ಓಡಾಡುವ ಸದ್ದು. ಮನುಷ್ಯ ಸರಾಗವಾಗಿ ಉಸಿರಾಡುತ್ತಾ ಆ ಸದ್ದು ನಿಂತರೆ ಸಂತೋಷ. ಒದ್ದಾಡುತ್ತಿರುವಾಗಲೇ ನಿಂತರೆ ಒಳಕ್ಕೆ ಗಾಳಿಯೇ ಹೋಗುತ್ತಿಲ್ಲ ಎಂದರ್ಥ. ನಮ್ಮ ವಾರ್ಡಿನಲ್ಲಿ ಇದನ್ನು ಸೈಲೆಂಟ್ ಚೆಸ್ಟ್ ಎನ್ನುತ್ತಿದ್ದೆವು. ಇದರ ಹಿಂದೆಯೇ ಸಾವು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

"ಏಳೋ ಮೇಲೆ!" ಎಂದು ಕಿರುಚಿದೆ. ಮಹೇಶ ಮಿಕಿಮಿಕಿ ನೋಡಿದ. ಅವನ ಕೂದಲು ಹಿಡಿದು ಎಳೆದು, ಕಪಾಳಕ್ಕೆ ಬಾರಿಸಿದೆ. ಕಾಲು ಹಿಡಿದವನೊಬ್ಬ ಬಿಡಲಿಲ್ಲ. ಅವನ ಪಕ್ಕೆಗೆ ಒದ್ದೆ. ಹೌದು, ಒದ್ದೆ, ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ನವೀನನನ್ನು ತಿರುಗಿಸಿ ನೋಡಿದರೆ ತುಟಿ ನೇರಳೆ ಹಣ್ಣು ತಿಂದವನ ಹಾಗಿತ್ತು. ಒಂದೊಂದು ಸಲ ಉಸಿರೆಳೆದಾಗಲೂ ಕತ್ತಿನ ಬುಡದ ಗುಂಡಿ ಒಳಕ್ಕೆ ಹೋಗುತ್ತಿತ್ತು, ಪಕ್ಕೆಲುಬಿನ ನಡುವಿನ ಮಾಂಸ ಒಳಕ್ಕೆ ಹೋಗುತ್ತಿತ್ತು. ಕಣ್ಣು ತೆರೆದಿತ್ತು, ನನ್ನ ಗುರುತು ಸಿಗಲಿಲ್ಲ.

ಎಬ್ಬಿಸಿ ಕೂರಿಸಿ, ಡೊಳ್ಳಿನ ಮೇಲೆ ಮುಂದಕ್ಕೆ ಬಾಗುವಂತೆ ಒರಗಿಸಿದೆವು. ಮಲಗಿಸಿದರೆ, ಅದರಲ್ಲೂ ಬೋರಲು ಹಾಕಿ ಒತ್ತಿದರೆ, ಎದೆ ಅರಳುವುದಕ್ಕೆ ಜಾಗವೇ ಇರುವುದಿಲ್ಲ. ಅಷ್ಟರಲ್ಲಿ ಅವನ ಮೊಣಕೈ ನನ್ನ ಕಣ್ಣಿನ ಕೆಳಗೆ ಬಡಿಯಿತು. ನಕ್ಷತ್ರ ಕಂಡವು. ಒಂದು ಕೈಯಲ್ಲಿ ಅವನನ್ನು ಹಿಡಿದು, ಇನ್ನೊಂದರಲ್ಲಿ ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ. ಅಲ್ಲಿ ಫೈರ್ ಎಂಜಿನ್ನಿಗೂ ಆಂಬ್ಯುಲೆನ್ಸಿಗೂ ಒಂದೇ ನಂಬರು, ಬೆಂಕಿಯೋ, ರೋಗಿಯೋ ಎಂದು ಕೇಳಿದರು. ಮಹೇಶ ಮುರಿದ ಹಲ್ಲಿನ ಬಾಯಿಗೆ ಕರ್ಚೀಫ್ ಒತ್ತಿಕೊಂಡೇ ಪಿಸುಗುಟ್ಟಿದ: "ಅಕ್ಕ, ಸೈರನ್ ಹಾಕ್ಬೇಡಿ ಅಂತ ಹೇಳಿ."

"ನಿನ್ನ ಸೈರನ್ ಮನೆ ಹಾಳಾಗ! ಕಿಟಕಿ ತೆಗಿಯೋ ಮೊದಲು!"

ಕಿಟಕಿ ತೆಗೆದಾಗ ಹೊರಗೆ ನಿಂತಿದ್ದ ಜಪಾನಿಯವರ ಮುಖ ಕಂಡಿತು. ಓಕಾದಾ ಸಾನ್ (ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ) ಎನ್ನುವ ಮುದುಕಿಯೊಬ್ಬರು ಕೇಳದೆಯೇ ಒಳಗೆ ಬಂದು, ತಮ್ಮ ಕುತ್ತಿಗೆಯ ಸ್ಕಾರ್ಫ್ ಬಿಚ್ಚಿ ನವೀನನ ಹರಿದ ಕೈಗೆ ಬಿಗಿಯಾಗಿ ಕಟ್ಟಿದರು. ಇನ್ನೊಬ್ಬರು ಆಂಬ್ಯುಲೆನ್ಸಿಗೆ ದಾರಿ ತೋರಿಸಲು ರಸ್ತೆಗೆ ಓಡಿದರು. ಇವರಿಗೆ ತೊಂದರೆಯಾಗಬಾರದೆಂದೇ ನಮ್ಮವರು ಚಿಲಕ ಹಾಕಿದ್ದು.

ಆಂಬ್ಯುಲೆನ್ಸಿನಲ್ಲೂ ಯುದ್ಧವೇ. ಆಕ್ಸಿಜನ್ ಮಾಸ್ಕ್ ಇಟ್ಟರೆ ಕಿತ್ತೆಸೆದ. ಸಿಬ್ಬಂದಿಯೊಬ್ಬನ ಹೊಟ್ಟೆಗೆ ಒದ್ದ. ಅವನು ಬಗ್ಗಿಹೋಗಿ, ಮತ್ತೆ ಎದ್ದು ಮಾಸ್ಕ್ ಇಟ್ಟ. ದಾರಿಯಲ್ಲಿ ಇದ್ದಕ್ಕಿದ್ದಂತೆ ನವೀನನ ಕೈ ಜೋತುಬಿತ್ತು. ಹೊಡೆಯುವುದು ನಿಂತದ್ದು ನೋಡಿ ನನಗೆ ಅಳು ಬಂತು. ಅವರು ರಬ್ಬರ್ ಚೀಲ ಒತ್ತೊತ್ತಿ ಗಾಳಿ ನುಗ್ಗಿಸುತ್ತಾ ಆಸ್ಪತ್ರೆ ಮುಟ್ಟಿಸಿದರು.

ಅಲ್ಲಿನ ಡಾಕ್ಟರಮ್ಮ ಎರಡೇ ಮಾತು ಹೇಳಿದರು. "ಗಂಟಲಿಗೆ ಕೊಳವೆ ಹಾಕಿ ಮೆಷಿನ್ನಿನಿಂದ ಉಸಿರಾಡಿಸಬೇಕು. ಈಗಲೇ." ರೂಪಾ ತಲೆಯಾಡಿಸಿ, "ಸಾಯ್ತಾರಾ ಅಂತ ಕೇಳಿ ಅಕ್ಕ" ಎಂದಳು. ಕೇಳಿದೆ. ಸಾಯಬಹುದು ಎಂದರು. ಆ ಮಾತನ್ನು ಅವಳ ಮುಖ ನೋಡಿಕೊಂಡು ಕನ್ನಡದಲ್ಲಿ ಹೇಳಿದವಳು ನಾನು. ಅವಳು ನನ್ನ ಸೀರೆಯ ಸೆರಗನ್ನು ಹಿಡಿದುಕೊಂಡೇ ಕೂತಿದ್ದಳು.

ಸಂಜೆ ಡಾಕ್ಟರು ಹೊರಗೆ ಬಂದು, ಅವನು ಪೂರ್ತಿ ವಾಕ್ಯ ಮಾತಾಡುವುದನ್ನು ನಿಲ್ಲಿಸಿದ್ದು ಯಾವಾಗ ಎಂದು ಕೇಳಿದರು. ಉಸಿರು ಸಾಲದವನಿಗೆ ಒಂದು ವಾಕ್ಯ ಮುಗಿಸಲಾಗುವುದಿಲ್ಲ. ಅದು ಬಹಳ ದೊಡ್ಡ ಸೂಚನೆ. ರೂಪಾ, ನಿನ್ನೆಯಿಂದ ಬರೀ ಹೂಂ, ಊಹೂಂ ಅಂತಿದ್ರು, ಸುಸ್ತು ಅಂದ್ಕೊಂಡೆ ಎಂದಳು. ಸುದ್ದಿ ಕೇಳಿ ಓಡಿಬಂದಿದ್ದ ಅವನ ಆಫೀಸಿನ ಸಾಯ್ತೋ ಸಾನ್ ಕಂಗಾಲಾಗಿದ್ದರು. ನಿನ್ನೆ ಮೀಟಿಂಗ್ ಪೂರ್ತಿ ಇದ್ದನಲ್ಲ, ಎಲ್ಲದಕ್ಕೂ "ಹಾಯ್" ಎಂದನಲ್ಲ ಎಂದರು. ಜಪಾನಿಯಲ್ಲಿ ಹಾಯ್ ಎಂದರೆ ಹೌದು. ಕೇಳಿಸಿಕೊಳ್ಳುವವರು ಮಾತು ಮಾತಿಗೂ ಹಾಯ್, ಹಾಯ್ ಎನ್ನುವುದು ಅಲ್ಲಿನ ಮರ್ಯಾದೆ. ಒಬ್ಬ ಮನುಷ್ಯ ಉಸಿರುಕಟ್ಟಿಕೊಂಡು ಇಡೀ ದಿನ ಆ ಒಂದೇ ಪದದಲ್ಲಿ ಕೆಲಸ ಮಾಡಿದ್ದ, ಒಳ್ಳೆಯ ಕೆಲಸಗಾರ ಎನ್ನಿಸಿಕೊಂಡಿದ್ದ.

ಮಹೇಶ ತುಟಿಗೆ ಹೊಲಿಗೆ ಹಾಕಿಸಿಕೊಂಡು ಬಂದವನು, "ಅಕ್ಕ, ನನ್ ಮೇಲೆ ಅಷ್ಟೊಂದು ಸಿಟ್ಟು ಯಾಕೆ ಅವನಿಗೆ?" ಎಂದು ಕೇಳಿದ. ಸಿಟ್ಟಲ್ಲ ಕಣಪ್ಪಾ ಎಂದೆ. ಮಿದುಳಿಗೆ ಆಕ್ಸಿಜನ್ ಸಾಲದಾದಾಗ ಮನುಷ್ಯ ಕಂಗೆಡುತ್ತಾನೆ, ಕೈಮಾಡುತ್ತಾನೆ. ನೀರಲ್ಲಿ ಮುಳುಗುವವನು ಕಾಪಾಡಲು ಬಂದವನ ಕುತ್ತಿಗೆಯನ್ನೇ ಅಮುಕುವುದಿಲ್ಲವೇ, ಹಾಗೆ.

ಕೆಲವು ದಿನ ಕಳೆದು ಕೊಳವೆ ತೆಗೆದರು. ಹುಡುಗ ಉಳಿದ. ಒಂದು ಪಕ್ಕೆಲುಬು ಮುರಿದಿತ್ತು, ಧ್ವನಿ ಒಡೆದು ಹೋಗಿತ್ತು. ಮಹೇಶ ನೋಡಲು ಬಂದಾಗ ನಾನು ಅಲ್ಲೇ ಇದ್ದೆ. ನವೀನ ಅವನನ್ನೇ ನೋಡುತ್ತಾ ಹೇಳಿದ:

"ಕಿಟಕಿ, ಕಿಟಕಿ ಅಂತಿದ್ನಲ್ಲೋ. ನಿಂಗೆ ಕೇಳಿಸ್ಲೇ ಇಲ್ವಾ?"

ಇಲ್ಲ ಎಂದು ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ಮಹೇಶ ಮಂಚದ ಕಂಬಿ ಹಿಡಿದುಕೊಂಡ.

"ಕೇಳಿಸ್ತು ಕಣೋ," ಎಂದ. "ಅದಕ್ಕೇ ಅಡ್ಡ ನಿಂತೆ."

ನವೀನ ಗೋಡೆಯ ಕಡೆ ಹೊರಳಿದ. ಅವರಿಬ್ಬರ ನಡುವೆ ಮಾತು ಮತ್ತೆ ಶುರುವಾಗಲು ಬಹಳ ಕಾಲ ಹಿಡಿಯಿತು.

ಈ ಕೆಲಸ ನನಗೆ ಕಲಿಸಿದ್ದನ್ನು ಒರಟಾಗಿಯೇ ಹೇಳುತ್ತೇನೆ. ಮಾತು ಅರ್ಧಕ್ಕೆ ನಿಲ್ಲುತ್ತಿದೆಯೇ, ತುಟಿ ನೀಲಿಯಾಗಿದೆಯೇ, ಕತ್ತಿನ ಗುಂಡಿ ಒಳಕ್ಕೆ ಎಳೆಯುತ್ತಿದೆಯೇ, ಸಾಧು ಮನುಷ್ಯ ಇದ್ದಕ್ಕಿದ್ದಂತೆ ಕಂಗೆಟ್ಟು ಹೊಡೆಯುತ್ತಿದ್ದಾನೆಯೇ? ಇಷ್ಟರಲ್ಲಿ ಒಂದು ಕಂಡರೂ ಸಾಕು, ಕೂರಿಸಿ, ಗಾಳಿ ಬಿಡಿ, ಆಂಬ್ಯುಲೆನ್ಸ್ ಕರೆಯಿರಿ, ಸೈರನ್ ಊರಿಗೆಲ್ಲ ಕೇಳಿಸಲಿ. ನೆರೆಯವರ ಹತ್ತಿರ ಸುಮಿಮಾಸೆನ್, ಕ್ಷಮಿಸಿ, ಎಂದು ತಲೆ ಬಗ್ಗಿಸಲು ಆಮೇಲೆ ಬೇಕಾದಷ್ಟು ಸಮಯವಿರುತ್ತದೆ, ಮನುಷ್ಯ ಬದುಕಿದ್ದರೆ.