ಸೈರನ್ ಕೂಗಿಸಿದವರು ಯಾರು

ನಮ್ಮ ಊರಿನ ಇತಿಹಾಸ ಸಂಘದಲ್ಲಿ ಏಳು ಜನ ಇದ್ದೇವೆ. ಕೆಲಸ ಮಾಡುವವರು ಒಬ್ಬರೇ, ಹಲೋ ಅಕ್ಕ. ಉಳಿದ ಆರು ಮಂದಿ ಚಹಾ ಕುಡಿದು ಅಭಿಪ್ರಾಯ ಹೇಳುವವರು. ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ನಾನೂ ಆ ಆರರಲ್ಲಿ ಒಬ್ಬ.

ಅಕ್ಕನಿಗೆ ಈಗ ಎಪ್ಪತ್ತು. ಮೂವತ್ತೈದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವರು. ಎದುರಿಗೇ ಕೂತಿದ್ದರೂ ಮೊದಲು "ಹಲೋ" ಎಂದೇ ಮಾತು ಶುರು ಮಾಡುತ್ತಾರೆ, ಅದಕ್ಕೇ ಆ ಹೆಸರು. ಸ್ವಯಂ ನಿವೃತ್ತಿ ಪಡೆದ ಮರುದಿನವೇ ಗ್ರಂಥಾಲಯದ ಮೇಲಿನ ನಮ್ಮ ಕೋಣೆಗೆ ಬಂದು, ಒದ್ದರೆ ಮಾತ್ರ ತೆರೆಯುವ ಕಬ್ಬಿಣದ ಕಪಾಟನ್ನು ಒದ್ದು ತೆರೆದರು. ಅಂದಿನಿಂದ ಹಳೆಯ ಕಾಗದಗಳ ಧೂಳನ್ನು ಶೇವಿಂಗ್ ಬ್ರಷ್ಷಿನಿಂದ ಹಾಳೆ ಹಾಳೆಯಾಗಿ ಒರೆಸುತ್ತಿದ್ದಾರೆ.

ಸಂಘಕ್ಕೆ ಒಂದು ನಿಯಮವಿದೆ, ಅಕ್ಕನೇ ತಂದದ್ದು. ದಾಖಲೆ ಇಲ್ಲದ ಸಂಗತಿಯನ್ನು ಬೇರೆ ಬೇರೆ ಮನೆಯ ಇಬ್ಬರು ಒಂದೇ ರೀತಿ ಹೇಳಬೇಕು. ಹೇಳಿದರೆ ಶಾಯಿಯಲ್ಲಿ ಬರೆಯುವುದು, ಇಲ್ಲದಿದ್ದರೆ ಪೆನ್ಸಿಲ್. ಈ ವಿಷಯದಲ್ಲಿ ಅಕ್ಕ ಯಾರ ಮುಲಾಜಿಗೂ ಬೀಳುವವರಲ್ಲ. ಅಧ್ಯಕ್ಷರಾದ ವಿಜ್ಞಾನದ ಮೇಷ್ಟ್ರ ತಾತ ಊರಿಗೆ ಮೊದಲ ಸೈಕಲ್ ತಂದ ಸಂಗತಿ ಇಂದಿಗೂ ಪೆನ್ಸಿಲ್‌ನಲ್ಲೇ ಇದೆ.

ಅರವತ್ತಮೂರು ವರ್ಷದ ಹಿಂದೆ ಊರಿನ ನೂಲಿನ ಗಿರಣಿಗೆ ಬೆಂಕಿ ಬಿದ್ದಿತ್ತು. ಹೊಗೆ ಕಂಡ ಕೂಡಲೇ ಸೈರನ್ ಕೂಗಿದ್ದರಿಂದ ಒಳಗಿದ್ದ ನೂರ ನಲವತ್ತು ಜನರೂ ಜೀವ ಉಳಿಸಿಕೊಂಡು ಹೊರಗೆ ಬಂದರು. ಸೈರನ್ ಕೋಣೆಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು ಅಕ್ಕನ ತಂದೆ. ಅಂದು ಕೂಗಿಸಿದವರೂ ಅವರೇ ಎಂದು ಅಕ್ಕ ಹೇಳಿದರು, ಅಕ್ಕನ ಅಣ್ಣನೂ ಹೇಳಿದರು. ಅಕ್ಕ ಮದುವೆಯಾಗಿ ಬೇರೆ ಮನೆಯಲ್ಲಿದ್ದಾರಲ್ಲ, ಆದ್ದರಿಂದ ನಿಯಮದಂತೆ ಅದು ಎರಡು ಮನೆಯ ಮಾತಾಯಿತು! ನಾವು ಆರು ಜನ ಬುದ್ಧಿವಂತರು ತಲೆಯಾಡಿಸಿದೆವು. ಹನ್ನೊಂದು ವರ್ಷದ ಹಿಂದೆ ಗಿರಣಿಯ ಗೇಟಿಗೆ ಅವರ ಹೆಸರಿನ ಹಲಗೆ ಹಾಕಿಸಿದೆವು.

ಅದೇ ವಾರ ಇಸ್ತ್ರಿ ಅಂಗಡಿಯಾಕೆ ಮೆಟ್ಟಿಲು ಹತ್ತಿ ಬಂದಳು. "ಅವತ್ತು ಸೈರನ್ ಕೂಗ್ಸಿದ್ದು ನಮ್ಮಪ್ಪ ಅಂತೆ. ಯಾವಾಗ್ಲೂ ಹೇಳ್ತಿರ್ತಾನೆ" ಎಂದಳು.

"ಇನ್ಯಾರಾದ್ರೂ ಹೇಳ್ತಾರಾ?" ಎಂದು ಅಕ್ಕ ಕೇಳಿದರು.

"ಇಲ್ಲ, ಅಪ್ಪ ಒಬ್ಬನೇ."

"ಹಾಗಾದ್ರೆ ಆಗಲ್ಲಮ್ಮ" ಎಂದು ಅಕ್ಕ ಕಡ್ಡಿ ಮುರಿದಂತೆ ಹೇಳಿದರು. ಆಕೆಯ ಮಾತನ್ನು ಪೆನ್ಸಿಲ್‌ನಲ್ಲೂ ಬರೆದುಕೊಳ್ಳಲಿಲ್ಲ.

ಈ ವರ್ಷ ಪುರಸಭೆಯವರು ಗಿರಣಿ ರಸ್ತೆಗೆ ಅಕ್ಕನ ತಂದೆಯ ಹೆಸರಿಡಲು ತೀರ್ಮಾನಿಸಿ, ಸಂಘದಿಂದ ಒಂದು ದೃಢೀಕರಣ ಪತ್ರ ಕೇಳಿದರು. ಅಕ್ಕ ಹಿಗ್ಗಿ ಹೀರೇಕಾಯಿಯಾದರು. ಪತ್ರ ಕೊಡಲು ಇನ್ನು ನಾಲ್ಕು ದಿನ ಇರುವಾಗ ಹಳೇ ಪೇಪರ್ ಅಂಗಡಿಯಿಂದ ಒಂದು ಕಟ್ಟು ಬಂತು. ಅದರಲ್ಲಿ ಗಿರಣಿಯ ಹಾಜರಿ ಪುಸ್ತಕವಿತ್ತು. ಬೆಂಕಿ ಬಿದ್ದ ದಿನದ ಪುಟದಲ್ಲಿ ಅಕ್ಕನ ತಂದೆಯ ಹೆಸರಿನ ಮುಂದೆ "ರಜೆ. ಮಗಳಿಗೆ ಜ್ವರ" ಎಂದು ಬರೆದಿತ್ತು. ಅದರ ಕೆಳಗೆ "ಸೈರನ್ ಕೋಣೆಗೆ ಬದಲಿ" ಎಂದು ಇಸ್ತ್ರಿ ಅಂಗಡಿಯಾಕೆಯ ಅಪ್ಪನ ಹೆಸರು, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು.

ಅದನ್ನು ಕಂಡವರು ಅಕ್ಕ ಒಬ್ಬರೇ. ಪುಸ್ತಕ ಮುಚ್ಚಿ ಕಪಾಟಿನ ತಳಕ್ಕೆ ತಳ್ಳಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಅವರು ನನಗೆ ಫೋನ್ ಮಾಡಿದರು. "ಹಲೋ. ಕ್ಯಾಮೆರಾ ತಗೊಂಡು ಬಾ. ಒಂದು ಪುಟದ ಫೋಟೋ ತೆಗೀಬೇಕು. ನನ್ನ ಮನಸ್ಸು ಬದಲಾಗೋಕೆ ಮುಂಚೆ ಬಾ."

ಫೋಟೋ ತೆಗೆದ ಮೇಲೆ ಇಬ್ಬರೂ ಅವರ ಅಣ್ಣನ ಮನೆಗೆ ಹೋದೆವು.

"ಅಣ್ಣಾ, ತಾನೇ ಕೂಗಿಸಿದ್ದು ಅಂತ ಅಪ್ಪ ನಿನ್ನ ಹತ್ರ ಬಾಯಿ ಬಿಟ್ಟು ಹೇಳಿದ್ರಾ?"

"ಅವರೇನು ಹೇಳ್ಬೇಕು? ಊರೇ ಹೇಳ್ತಿತ್ತು. ನನಗೆ ಹೇಳಿದ್ದು ನೀನೇ ಅಲ್ವಾ?"

"ನೀನು ಹೇಳಿದೆ ಅಂತ ನಾನು ನಂಬಿದ್ದೆ!"

ಅವರ ತಂದೆ ಸುಳ್ಳು ಹೇಳಿರಲಿಲ್ಲ. ಊರಿನವರು ಹೊಗಳುವಾಗ ಸುಮ್ಮನೆ ನಗುತ್ತಿದ್ದರು, ಅಷ್ಟೆ. ಅಕ್ಕ ಹಾಜರಿ ಪುಸ್ತಕದ ವಿಷಯ ಹೇಳಿ, ಅದನ್ನೇ ಪುರಸಭೆಗೆ ಬರೆಯುತ್ತೇನೆ ಎಂದಾಗ ಅಣ್ಣ ಕೆಂಡಾಮಂಡಲವಾದರು. "ಸತ್ತ ಅಪ್ಪನ ಮಾನ ಹರಾಜು ಹಾಕ್ಬೇಕಾ? ನಿನಗೆ ಜ್ವರ ಬಂದಿದ್ದಕ್ಕೆ ಅಲ್ವಾ ಅವರು ಮನೇಲಿ ಉಳಿದಿದ್ದು?" ಎಂದರು. ವಾಪಸ್ ಬರುವ ದಾರಿಯಲ್ಲಿ ಅಕ್ಕ, "ಅಪ್ಪ ಅವತ್ತು ನನ್ನ ಪಕ್ಕದಲ್ಲಿ ಕೂತಿದ್ರು ಅನ್ನೋದೇ ನನಗೆ ನೆನಪಿಲ್ಲ ನೋಡು" ಎಂದರು.

ಅಷ್ಟರಲ್ಲಿ ವಿಷಯ ತಿಳಿದ ಮೇಷ್ಟ್ರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಪತ್ರ ತಯಾರಿಸಿದ್ದರು. ಅಕ್ಕ ಅದನ್ನು ಹರಿದು, ನಡೆದದ್ದನ್ನು ನಡೆದಂತೆ ಬರೆದು ಪುರಸಭೆಗೆ ಕೊಟ್ಟರು. ತಂದೆಯ ಹೆಸರಿನ ಹಲಗೆ ಇಳಿಸಬೇಕು, ರಸ್ತೆಗೆ ಆ ಹೆಸರು ಬೇಡ ಎಂದು ತಮ್ಮ ಕೈಯಾರೆ ಬರೆದು ಸಹಿ ಹಾಕಿದರು. ಆಮೇಲೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಇಸ್ತ್ರಿ ಅಂಗಡಿಗೆ ಹೊರಟರು. ನಾನು ಹಿಂದೆಯೇ ಹೋದೆ.

ಆಕೆ ಅಂಗಿಯ ಕಾಲರ್ ಒತ್ತುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಖುಷಿಪಡುತ್ತಾಳೆ ಅಥವಾ ನಮ್ಮನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

"ಅವತ್ತು ನಾನು ನಿಮ್ಮ ಹತ್ರ ಬಂದಿದ್ನಲ್ಲ ಅಕ್ಕ, ಸೀದಾ ಮನೆಗೆ ಹೋಗಿ ಅಪ್ಪನ್ನ ಬೈದೆ. 'ಓದಿದವರ ಮುಂದೆ ನನ್ನ ಮರ್ಯಾದೆ ಹೋಯ್ತು, ಇನ್ಮೇಲೆ ಆ ಸುಳ್ಳು ಹೇಳ್ಬೇಡ' ಅಂದೆ. ಅದಾದ್ಮೇಲೆ ಎರಡು ವರ್ಷ ಬದುಕಿದ್ದ. ಒಂದ್ಸಲಾನೂ ಆ ಮಾತು ಎತ್ತಲಿಲ್ಲ. ಕೊನೇಲಿ, ಆಗ ಹೈಸ್ಕೂಲಲ್ಲಿದ್ದ ನನ್ನ ಮಗಳು 'ತಾತ, ಸೈರನ್ ಕಥೆ ಹೇಳು' ಅಂತ ಕೇಳಿದ್ಲು. 'ಅದು ನಾನಲ್ಲ ಪುಟ್ಟಿ, ಬೇರೆ ಯಾರೋ' ಅಂದುಬಿಟ್ಟ."

ಅಕ್ಕ ಪುಸ್ತಕವನ್ನು ಬೆಂಚಿನ ಮೇಲಿಟ್ಟು ಅದರ ಪಕ್ಕದಲ್ಲಿ ಕೂತರು. ನನಗೆ ತಲೆ ಎತ್ತಲಾಗಲಿಲ್ಲ. ಆ ದಿನ ಆ ಕೋಣೆಯಲ್ಲಿ ನಾನೂ ಇದ್ದೆ, ಚಹಾ ಕುಡಿಯುತ್ತಿದ್ದೆ.

ಆಕೆ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಒಳಗಿದ್ದ ಅದೇ ಮಗಳನ್ನು ಕೂಗಿ ಕರೆದಳು. ಹಾಲು ಕುಡಿಯುವ ಮಗುವನ್ನು ಎತ್ತಿಕೊಂಡು ಅವಳು ಬಂದು ನಿಂತಳು.

"ಇವಳಿಗೆ ನಾನು ಹೇಳಲ್ಲ ಅಕ್ಕ. ನೀವೇ ಹೇಳಿ" ಎಂದಳು ತಾಯಿ.

ಅಕ್ಕ ಹೇಳಿದರು. ನಡುವೆ ಎರಡು ಸಲ ಅತ್ತರು, ಆದರೆ ಪೂರ್ತಿ ಹೇಳಿದರು.