ಬೆರಳ ತುದಿಯ ಜೋಮು

ನಾನು ಹಲ್ಲಿನ ಡಾಕ್ಟರು. ಆಗಿದ್ದೆ ಎಂದು ಬರೆಯಬೇಕು, ಮನಸ್ಸು ಇನ್ನೂ ಒಪ್ಪುವುದಿಲ್ಲ. ಕುವೈತಿನ ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ರೂಟ್ ಕೆನಾಲ್ ಮಾಡಿದವಳು. ಹಲ್ಲಿನ ಬೇರಿನೊಳಗೆ ಕೂದಲಿನಂಥ ತಂತಿ ಇಳಿಸಿದಾಗ, ಅದು ಎಲ್ಲಿ ತಿರುಗಿತು, ಎಲ್ಲಿ ಸಿಕ್ಕಿಕೊಂಡಿತು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಬೆರಳ ತುದಿಗೇ ತಿಳಿಯಬೇಕು.

ಸ್ತನದಲ್ಲಿ ಗೆಡ್ಡೆ ಸಿಕ್ಕಿತು. ಆಪರೇಷನ್ ಆಯಿತು. ಆಮೇಲೆ ಕೀಮೋ. ಮೊದಲ ದಿನವೇ ಔಷಧಿ ಏರುತ್ತಿದ್ದ ಹಾಗೆ ಎದೆ ಬಿಗಿದು ಉಸಿರು ಸಿಕ್ಕಿಕೊಂಡಿತು. ಔಷಧಿಯನ್ನು ಕರಗಿಸಲು ಬೆರೆಸುವ ದ್ರವ ನನಗೆ ಅಲರ್ಜಿಯಂತೆ. ಈಜಿಪ್ಟಿನಿಂದ ಬಂದಿದ್ದ ಡಾಕ್ಟರಮ್ಮ ಬೇರೆ ದಾರಿ ಹೇಳಿದರು: ಅದೇ ಔಷಧಿ, ಆದರೆ ಪ್ರೋಟೀನಿನ ಅತಿಸೂಕ್ಷ್ಮ ಕಣಗಳಲ್ಲಿ ಸೇರಿಸಿದ್ದು, ನ್ಯಾನೋ.

"ಆ ಅಲರ್ಜಿಯ ಭಯ ಇದರಲ್ಲಿ ಕಡಿಮೆ," ಅಂದರು. "ಆದರೆ ನರಗಳಿಗೆ ಪೆಟ್ಟು ಬೀಳಬಹುದು. ಕೈಕಾಲು ಜೋಮು ಹಿಡಿದರೆ ತಕ್ಷಣ ಹೇಳಿ. ಡೋಸ್ ಇಳಿಸುತ್ತೇನೆ, ಬೇಕಾದರೆ ನಿಲ್ಲಿಸುತ್ತೇನೆ."

ನನ್ನವರು ರಿಫೈನರಿಯಲ್ಲಿ ಕೆಮಿಕಲ್ ಇಂಜಿನಿಯರ್. ನಮ್ಮ ಮನೆಯಿದ್ದ ಮಂಗಫ್‌ನಿಂದ ಕಂಪನಿ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಮೊಬೈಲಿನಲ್ಲಿ ಅದನ್ನೇ ಓದುತ್ತಿದ್ದರು. ಸಂಜೆ ಬೂಟು ಬಿಚ್ಚುತ್ತಲೇ ಪಾಠ ಶುರು: "ಆ ಕಣಾನ ಗೆಡ್ಡೆ ಊಟ ಅಂದ್ಕೊಂಡು ನುಂಗುತ್ತೆ ಕಣೇ. ಒಳಗೆ ಹೋಗಿ ವಿಷ ಕಾರುತ್ತೆ. ಉಳಿದ ಮೈಗೆ ಏನೂ ಆಗಲ್ಲ!" ಕಣ್ಣಲ್ಲಿ ಹೊಳಪು. ಡಾಕ್ಟರಮ್ಮನ ಮಾತಿನ ಕೊನೆಯ ಭಾಗ ಅವರ ಕಿವಿಗೆ ಬಿದ್ದೇ ಇರಲಿಲ್ಲ.

ಉಸಿರು ಕಟ್ಟಲಿಲ್ಲ, ನಿಜ. ಕೆಲವು ವಾರಗಳ ಮೇಲೆ ಅಂಗಾಲಿನಿಂದ ಚಪ್ಪಲಿ ಜಾರಿ ಹಿಂದೆ ಉಳಿದದ್ದು ನನಗೆ ಗೊತ್ತಾಗಲಿಲ್ಲ. ಮಗಳು ಎತ್ತಿ ತಂದುಕೊಟ್ಟಳು. ಆಮೇಲೆ ಬೆರಳು. ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಅಭ್ಯಾಸಕ್ಕೆಂದು ಇಟ್ಟಿದ್ದ ಕಿತ್ತ ಹಲ್ಲೊಂದನ್ನು ಹಿಡಿದು ಕೂತೆ. ತಂತಿ ಇಳಿಸಿದೆ. ಟಕ್ ಅಂತ ಸದ್ದಾಯಿತು. ತಂತಿ ಮುರಿದದ್ದು ಕಿವಿಗೆ ತಿಳಿಯಿತು, ಕೈಗೆ ತಿಳಿಯಲಿಲ್ಲ.

"ರೀ, ಈ ಸಲ ಡಾಕ್ಟರಿಗೆ ಹೇಳಿಬಿಡ್ತೀನಿ."

"ಮುಗೀತಾ ಬಂತಲ್ಲ. ಈಗ ಹೇಳಿದ್ರೆ ಡೋಸ್ ಇಳಿಸ್ತಾರೆ. ಎಲ್ಲೋ ಒಂದು ಚೂರು ಉಳ್ಕೊಂಡ್ರೆ?"

"ನನ್ನ ಕೈ?"

"ಕೈ ಯಾರಿಗೆ ಬೇಕೇ? ನೀನು ಬೇಕು."

ಪ್ರೀತಿಯಿಂದಲೇ ಅಂದರು. ಆ ಮಾತಿನಷ್ಟು ನನಗೆ ಬೇರೆ ಯಾವುದೂ ಕಹಿಯಾಗಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಜೋಮಿನ ಬಗ್ಗೆ ಕೇಳಿಯೇ ಕೇಳಿದರು. ವಾಂತಿ ತಡೆಯುವ ಮಾತ್ರೆಯ ಮಂಪರಿನಲ್ಲಿದ್ದ ನಾನು ಬಾಯಿ ತೆರೆಯುವಷ್ಟರಲ್ಲಿ ಇವರೇ ಉತ್ತರ ಕೊಟ್ಟಾಗಿತ್ತು: "ಸ್ವಲ್ಪ ಇದೆ ಡಾಕ್ಟರ್, ತಡ್ಕೋತಾಳೆ." ಔಷಧಿ ಏರಿತು.

ಮುಂದಿನ ಸಲ ಇವರು ಡ್ಯೂಟಿಗೆ ಹೋದ ಮೇಲೆ ಒಬ್ಬಳೇ ಟ್ಯಾಕ್ಸಿಯಲ್ಲಿ ಹೋದೆ. ಡಾಕ್ಟರಮ್ಮ ನನ್ನ ಕಣ್ಣು ಮುಚ್ಚಿಸಿ ಬೆರಳಿಗೆ ಸೂಜಿಮೊನೆ ಮುಟ್ಟಿಸಿದರು. "ಯಾವಾಗ ಚುಚ್ಚುತ್ತೀರಿ?" ಅಂದೆ. ಅವರು ಆಗಲೇ ಚುಚ್ಚಿದ್ದರು.

ಔಷಧಿ ಅವತ್ತೇ ನಿಲ್ಲಿಸಿದರು. "ಸ್ಪರ್ಶ ವಾಪಸ್ ಬರಬಹುದು. ಬರದೆಯೂ ಇರಬಹುದು. ಮೊದಲೇ ಹೇಳಬೇಕಿತ್ತು ಡಾಕ್ಟರ್," ಅಂದರು. ನನ್ನನ್ನು ಅವರು ಡಾಕ್ಟರ್ ಎಂದೇ ಕರೆಯುತ್ತಿದ್ದರು.

ಸ್ಕ್ಯಾನಿನಲ್ಲಿ ಈಗ ರೋಗದ ಸುಳಿವಿಲ್ಲ. ಕಾಲು ಬಹುಪಾಲು ಸರಿಹೋಯಿತು. ಬೆರಳ ಜೋಮು ಹೋಗಲಿಲ್ಲ. ಕ್ಲಿನಿಕ್ಕಿನವರು ಮರ್ಯಾದೆಯಿಂದಲೇ ಎಕ್ಸ್‌ರೇ ನೋಡುವ, ಇನ್ಶೂರೆನ್ಸ್ ಕಾಗದಕ್ಕೆ ಸಹಿ ಹಾಕುವ ಕುರ್ಚಿ ಕೊಟ್ಟರು. ನನ್ನ ಹಳೆಯ ಪೇಷಂಟ್, ಕುವೈತಿ ಅಜ್ಜಿಯೊಬ್ಬರು, ಬಾಯಿ ತೋರಿಸಲು ನನ್ನ ಬಾಗಿಲಿಗೇ ಬಂದರು. ಕೈ ಎತ್ತಿ ತೋರಿಸಿ, "ಖಲಾಸ್," ಅಂದೆ. ಅವರು ನಂಬದೆ ನಕ್ಕರು.

ಹೋದ ತಿಂಗಳು ಮೈದಾನ್ ಹವಲ್ಲಿಯಲ್ಲಿ ಪರಿಚಯದವರ ಮನೆಯಲ್ಲಿ ಊಟ. ಎಲೆಯ ಮುಂದೆ ಇವರ ಭಾಷಣ ಶುರುವಾಯಿತು. ನ್ಯಾನೋ, ಗುರಿ ಇಟ್ಟು ಹೊಡೆಯುವ ಬಾಣ. "ಸೈಡ್ ಎಫೆಕ್ಟ್? ಏನೇನೂ ಇಲ್ಲ!" ಮನೆಯೊಡತಿ ನನ್ನ ಕಡೆ ತಿರುಗಿ, "ಪುಣ್ಯವಂತೆ ಕಣ್ರೀ ನೀವು," ಅಂದರು.

"ರೀ, ಹಾಗಾದ್ರೆ ನನ್ನ ಕೈಗೆ ಏನಾಗಿದೆ?" ಎಂದು ಕೇಳಿದೆ.

ಸಾರು ಬಡಿಸುತ್ತಿದ್ದವರು ಅಲ್ಲೇ ನಿಂತರು.

ಕಾರಿನಲ್ಲಿ ಇವರು, "ಎಲ್ಲರೆದುರು ಹಾಗನ್ನಬೇಕಿತ್ತಾ? ಬದುಕಿದೀಯಲ್ಲ," ಅಂದರು.

ಹಿಂದಿನಿಂದ ಮಗಳು, "ಪ್ಲೀಸ್, ಸ್ಟಾಪ್ ಇಟ್, ಬೋತ್ ಆಫ್ ಯು," ಅಂದಳು.

ಬದುಕಿದ್ದೇನೆ. ನಾಳೆ ಮತ್ತೆ ರೋಗ ಬಂದು ಅದೇ ಔಷಧಿ ಕೊಟ್ಟರೂ ತೆಗೆದುಕೊಂಡೇನು. ಅದು ನನಗೆ ಸುಳ್ಳು ಹೇಳಲಿಲ್ಲ. ತಾನು ಏನು ಮಾಡುತ್ತೇನೆಂದು ಡಾಕ್ಟರಮ್ಮನ ಬಾಯಲ್ಲಿ ಮೊದಲೇ ಹೇಳಿಸಿತ್ತು.

"ಸ್ಪರ್ಶ ವಾಪಸ್ ಬರಬಹುದು ಅಂದಿದ್ದಾರಲ್ಲ," ಎಂದರು ಇವರು.

"ಬರದೆಯೂ ಇರಬಹುದು ಅಂತಾನೂ ಅಂದ್ರು. ನಿಮಗೆ ಯಾವಾಗಲೂ ಅರ್ಧ ಮಾತೇ ಕೇಳಿಸೋದು."

ಈಗ ನಾನಿರುವ ಕಡೆ ಅವರು ನ್ಯಾನೋ ಸುದ್ದಿ ಎತ್ತುವುದಿಲ್ಲ. ನಾನಿಲ್ಲದ ಕಡೆ ಎತ್ತುತ್ತಾರಂತೆ.