ಮಾವ ಕಟ್ಟಿದ ವಾಚಿನ ಒಳಗಿನ ಯಂತ್ರ

ಮಾವ ಕೈಯಾರೆ ಕಟ್ಟಿದ ವಾಚಿನ ಬೆನ್ನು ಬಿಚ್ಚಿ ನೋಡಿದ ಅಳಿಯ ಇಡೀ ದಾವಣಗೆರೆ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಅದೂ ಮದುವೆಯಾಗಿ ಎರಡೇ ತಿಂಗಳಿಗೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಎಲ್ಲರ ಕೈಯಲ್ಲೂ ಸೆಲ್ ಹಾಕುವ ವಾಚು. ನನಗೋ ಕೀ ಕೊಡುವ ವಾಚಿನ ಹುಚ್ಚು. ಹೆಣ್ಣು ನೋಡಲು ಹೋದಾಗ ಉಪ್ಪಿಟ್ಟು ತಿನ್ನುತ್ತಾ ಈ ವಿಷಯ ಬಾಯಿಬಿಟ್ಟಿದ್ದೆ. ದಾವಣಗೆರೆಯಲ್ಲಿ ದಲ್ಲಾಳಿ ಅಂಗಡಿ ಇಟ್ಟಿದ್ದ ಮಾವ ಅದನ್ನು ನೆನಪಿಟ್ಟುಕೊಂಡು, ಮುಂಬೈಗೆ ತಾವೇ ಹೋಗಿ ಸ್ವಿಸ್ ವಾಚು ತಂದರು. ಶ್ರೀಮಂತರು ಕಟ್ಟುವ ವಾಚುಗಳ ಸಾಲಿನಲ್ಲಿ ಅದು ಕೆಳಗಿನ ಮೆಟ್ಟಿಲಿನದು. ಆದರೂ ನಮ್ಮ ಎರಡೂ ಮನೆತನಗಳಲ್ಲಿ ಅಂಥದ್ದನ್ನು ಯಾರೂ ಮುಟ್ಟಿಯೂ ಇರಲಿಲ್ಲ. ನಮ್ಮಲ್ಲಿ ವಾಚನ್ನು ಡಬ್ಬಿಯಲ್ಲಿಟ್ಟು ಕೊಟ್ಟರೆ ಆಗುವುದಿಲ್ಲ, ಮಾವನಾದವನೇ ಅಳಿಯನ ಕೈಗೆ ಕಟ್ಟಬೇಕು. ಮಂಟಪದಲ್ಲಿ ಅವರು ಕಟ್ಟುವಾಗ ಬಕಲ್ಲು ಸಿಗದೆ ಎರಡು ನಿಮಿಷ ಒದ್ದಾಡಿದರು. ವಾಲಗದವರು ಸುಸ್ತಾದರು.

ನಾನು ಹರಿಹರದ ಹತ್ತಿರ ಯಂತ್ರ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಬಂದ ಮಾಲಿನಲ್ಲಿ ತಪ್ಪು ಹುಡುಕುವುದೇ ನನ್ನ ಸಂಬಳದ ಕೆಲಸ. ಅದನ್ನು ಮನೆಗೂ ತರುತ್ತಿದ್ದೆ. 'ಮೊಸರಲ್ಲಿ ಕಲ್ಲು ಹುಡುಕೋರು' ಎಂದು ಹೆಂಡತಿ ಮದುವೆಯಾದ ಮೊದಲ ವಾರದಲ್ಲೇ ನನಗೆ ಹೆಸರಿಟ್ಟಿದ್ದಳು. ಕಾರ್ಖಾನೆಯ ಲೈಬ್ರರಿಗೆ ಬರುತ್ತಿದ್ದ ಹಳೆಯ ವಿದೇಶಿ ಪತ್ರಿಕೆಯೊಂದರಲ್ಲಿ, ನಿಜವಾದ ವಾಚು ಕಂಪನಿ ಒಳಗಿನ ಯಂತ್ರವನ್ನೂ ತಾನೇ ಮಾಡುತ್ತದೆ, ಉಳಿದವರು ಕೊಂಡು ತಂದು ಹಾಕುತ್ತಾರೆ ಎಂದು ಓದಿದ್ದೆ. ಸರಿ, ಊಟದ ಬಿಡುವಿನಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚಿನ ಬೆನ್ನು ಬಿಚ್ಚಿದೆ. ಗಾಲಿಯ ಕೆಳಗೆ ಸಣ್ಣ ಮುದ್ರೆ. ಡಯಲ್ಲಿನ ಮೇಲಿದ್ದ ಹೆಸರಿನದಲ್ಲ, ಬೇರೆ ಕಾರ್ಖಾನೆಯದು.

ಇಷ್ಟಕ್ಕೇ ಮುಚ್ಚಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಭಾನುವಾರ ಮಾವನ ಮನೆಯಲ್ಲಿ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಜಾಣತನ ತೋರಿಸಿಯೇಬಿಟ್ಟೆ.

"ಮಾವ, ಈ ವಾಚಿನ ಮೇಲಿರೋ ಹೆಸರು ಒಬ್ಬರದು, ಒಳಗಿನ ಯಂತ್ರ ಇನ್ನೊಬ್ಬರದು."

ಅವರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. ಅವರ ಕಸುಬು ನನಗೆ ಆಗ ಸರಿಯಾಗಿ ಗೊತ್ತಿರಲಿಲ್ಲ. ಮಾಯಕೊಂಡದ ಕಡೆಯ ರೈತರು ತಂದ ಮೆಕ್ಕೆಜೋಳದ ಚೀಲಕ್ಕೆ ಕೊಳವೆ ಚುಚ್ಚಿ, ತಳದ ಕಾಳು ತೆಗೆದು ಮೇಲಿನ ಕಾಳಿನ ಪಕ್ಕ ಇಟ್ಟು ನೋಡುವುದು ಅವರ ದಿನದ ಕೆಲಸ. ಮೇಲೊಂದು ಒಳಗೊಂದು ಎನ್ನುವುದು ಆ ಮಾರ್ಕೆಟ್ಟಿನಲ್ಲಿ ಎಲ್ಲಕ್ಕಿಂತ ಕೆಟ್ಟ ಮಾತು. ಮೂವತ್ತು ವರ್ಷ ಯಾರ ಚೀಲಕ್ಕೂ ಮೋಸಹೋಗದ ಮನುಷ್ಯ, ಮಗಳ ಮದುವೆಯ ವಾಚಿಗೆ ಮೋಸಹೋದ ಎಂದು ನೆಂಟರ ಮುಂದೆ ನಾನು ಹೇಳಿದಂತಾಯಿತು.

"ಕೊಡ್ರಿ ಇಲ್ಲಿ, ಬದಲಿ ಮಾಡಿಸ್ಕೊಂಡು ಬರ್ತೀನಿ," ಎಂದರು.

"ಬ್ಯಾಡ್ರಿ ಮಾವ, ಸುಮ್ನ ಹೇಳಿದೆ," ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾಚು ಬಿಚ್ಚಿಸಿಕೊಂಡೇ ಎದ್ದರು. ಮಂಡಿನೋವಿನಲ್ಲಿ ಮತ್ತೆ ಮುಂಬೈಗೆ ಹೋದರು. ಅಂಗಡಿಯವನು "ಮಾಲು ಅಸಲಿ ಐತೆ, ಯಂತ್ರ ಹಂಗೇ ಬರೋದು" ಎಂದು ನಕ್ಕು ಕಳಿಸಿದನಂತೆ. ಮಾವ ನಂಬಲಿಲ್ಲ, ವಾಚನ್ನು ನನಗೆ ವಾಪಸ್ಸೂ ಕೊಡಲಿಲ್ಲ. ಆಮೇಲೆ ಹರಿಹರದ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಮೊದಲೆಲ್ಲ ವಾರಕ್ಕೊಮ್ಮೆ ಬೆಣ್ಣೆ ಹಿಡಿದು ಬರುತ್ತಿದ್ದವರು.

"ಅಪ್ಪ ನನ್ನ ಮನಿಗೆ ಬರೋದು ನಿಲ್ಲಿಸಿದ್ರಿ ನೀವು," ಎಂದಳು ಹೆಂಡತಿ. ಅಷ್ಟೇ. ಮುಂದೆ ಬೈಯಲೂ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ದಾವಣಗೆರೆಯಲ್ಲಿ ಹಳೆಯ ವಾಚು ರಿಪೇರಿಯವರೊಬ್ಬರಿದ್ದರು. ಅವರ ಹತ್ತಿರ ಹೋಗಿ, ನಾನು ಕಂಡ ಮುದ್ರೆಯನ್ನು ಚೀಟಿಯ ಮೇಲೆ ಬರೆದು ತೋರಿಸಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಒಳ್ಳೇ ಯಂತ್ರ ರೀ. ಹತ್ತಾರು ಕಂಪನಿಯವರು ಇದನ್ನೇ ಹಾಕ್ತಾರ. ಅದಕ್ಕೇ ನಾನು ರಿಪೇರಿ ಮಾಡಬಲ್ಲೆ. ಅವರದೇ ಸ್ವಂತದ್ದಾಗಿದ್ರ, ಒಂದು ಹಲ್ಲು ಮುರಿದ್ರೂ ಸಮುದ್ರ ದಾಟಬೇಕಿತ್ತು. ಹೆಸರಿನವರು ತಿದ್ದಿ ತೀಡಿ, ಟೈಮಿಗೆ ಕೂಡಿಸಿ, ಜವಾಬ್ದಾರಿ ಹೊತ್ಕೋತಾರ. ನೀವು ಎಲ್ಲಿ ಕೆಲಸ ಮಾಡ್ತೀರಿ?"

ಹೇಳಿದೆ. ಹೇಳುವಾಗಲೇ ಹೊಳೆಯಿತು. ನಮ್ಮ ಯಂತ್ರದ ಬೇರಿಂಗು ಹೊರಗಿನದು, ಮೋಟಾರು ಹೊರಗಿನದು. ಅವನ್ನು ಅಳೆದು, ತೂಗಿ, 'ಪಾಸ್' ಎಂದು ಸೀಲು ಹೊಡೆಯುತ್ತಿದ್ದವನು ನಾನೇ. ಅದರ ಮೇಲೆ ನಮ್ಮ ಹೆಸರಿನ ತಗಡು ಕೂರುತ್ತಿತ್ತು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವುದು ಎಂದರೆ ಇದೇ.

ವಾಚು ಅಸಲಿಯೇ ಎಂದು ಹೆಂಡತಿಯ ಕೈಲಿ ಹೇಳಿಕಳಿಸಿದೆ. ಮಾವ ಒಪ್ಪಲಿಲ್ಲ. "ನನ್ನ ಮನಸ್ಸು ನೋಯಬಾರದಂತ ಹೇಳ್ತಾರ, ಒಳ್ಳೇ ಹುಡುಗ," ಎಂದರಂತೆ. ಆ 'ಒಳ್ಳೇ ಹುಡುಗ' ನನ್ನನ್ನು ಇನ್ನಷ್ಟು ಚುಚ್ಚಿತು. ಬಾಯಿಮಾತಿಗೆ ಇನ್ನು ಬೆಲೆಯಿಲ್ಲ, ಕಣ್ಣಾರೆ ತೋರಿಸಬೇಕು ಎನಿಸಿತು.

ಆಯುಧಪೂಜೆಯ ದಿನ ನಮ್ಮ ಕಾರ್ಖಾನೆಗೆ ಮನೆಯವರನ್ನೆಲ್ಲ ಬಿಡುತ್ತಿದ್ದರು. ಹೆಂಡತಿ ಹಟ ಹಿಡಿದು ಅಪ್ಪನನ್ನು ಕರೆತಂದಳು. ಯಂತ್ರಗಳಿಗೆಲ್ಲ ಚೆಂಡುಹೂವಿನ ಹಾರ, ವಿಭೂತಿ ಪಟ್ಟೆ, ನೆಲದ ತುಂಬ ಒಡೆದ ಬೂದುಗುಂಬಳ. ಮಾವ ಜಾರದಂತೆ ನನ್ನ ತೋಳು ಹಿಡಿದು ನಡೆದರು. ಸಿದ್ಧವಾಗಿ ನಿಂತಿದ್ದ ಹೊಸ ಯಂತ್ರದ ಮುಂದೆ ನಿಂತರು.

"ಈ ಮೋಟಾರು ನಿಮ್ದೇ ಏನ್ರಿ?"

"ಇಲ್ರಿ, ಹೊರಗಿಂದ ತರಿಸ್ತೀವಿ."

"ಇದು?"

"ಬೇರಿಂಗು. ಅದೂ ಹೊರಗಿಂದು."

ಅವರು ಬಗ್ಗಿ ತಗಡಿನ ಮೇಲಿನ ಹೆಸರನ್ನು ಬೆರಳಿಟ್ಟು ಓದಿದರು. "ಮತ್ತೆ ನಿಮ್ದು ಅಂತ ಹೆಂಗೆ ಬರೀತೀರಿ?"

"ಆರಿಸೋರು ನಾವು, ಪರೀಕ್ಷೆ ಮಾಡೋರು ನಾವು, ಕೂಡ್ಸೋರು ನಾವು. ನಾಳೆ ಇದು ನಿಂತ್ರ, ಮೋಟಾರಿನವರು ಬರಂಗಿಲ್ರಿ. ನಾವೇ ಓಡಬೇಕು."

ಮಾವ ತಗಡಿನ ಮೇಲಿಂದ ಬೆರಳು ತೆಗೆದರು. ಆಮೇಲೆ ನನಗಷ್ಟೇ ಕೇಳುವಂತೆ, "ಹಂಗಾದ್ರ ನಾನು ಮೋಸಹೋಗಿಲ್ಲ?" ಎಂದರು.

"ಇಲ್ರಿ ಮಾವ. ತಪ್ಪು ನಂದು. ನೆಂಟರ ಮುಂದೂ ಹೇಳ್ತೀನಿ."

ಅಂಗಿಯ ಒಳಜೇಬಿಗೆ ಕೈಹಾಕಿ ಕರವಸ್ತ್ರದ ಗಂಟು ತೆಗೆದರು. ಬಿಚ್ಚಿದರೆ ವಾಚು. ಸೆಕೆಂಡಿನ ಮುಳ್ಳು ಓಡುತ್ತಿತ್ತು. ಗೋಡೆ ಗಡಿಯಾರ ನೋಡಿದೆ, ಟೈಮು ಸರಿಯಾಗಿತ್ತು.

"ದಿನಾ ಬೆಳಿಗ್ಗೆ ಕೀ ಕೊಟ್ಟೀನಿ," ಎಂದರು. "ಖೋಟಾ ಇದ್ರೂ ನಿಮಗಂತಲೇ ತಂದದ್ದು ನೋಡ್ರಿ, ನಿಂತ್ರ ಕೆಡ್ತದೇನೋ ಅಂತ."

ನನಗೆ ಅಳು ಬಂತು. ಮರೆಮಾಚಲಿಲ್ಲ. ವಾಚಿನ ಯಂತ್ರ ಕಂಪನಿಯ ಸ್ವಂತದ್ದಿದ್ದರೆ ಹೆಚ್ಚುಗಾರಿಕೆ, ಇಲ್ಲವೆನ್ನುವುದಿಲ್ಲ. ಅಂಥ ವಾಚು ಕಂಡರೆ ಈಗಲೂ ಬಾಯಿ ಬಿಟ್ಟು ನೋಡುತ್ತೇನೆ. ಆದರೆ ಯಂತ್ರ ಯಾರದು ಎಂಬುದನ್ನು ಮೊದಲ ಪ್ರಶ್ನೆಯಾಗಿ ಅವತ್ತಿನಿಂದ ಕೇಳಿಲ್ಲ.

"ಕೈ ಚಾಚ್ರಿ," ಎಂದರು ಮಾವ.

ಎಡಗೈ ಚಾಚಿದೆ. ಈ ಸಲವೂ ಬಕಲ್ಲು ಅವರ ಬೆರಳಿಗೆ ಸಿಗಲಿಲ್ಲ. ಹೆಂಡತಿ ಸಹಾಯಕ್ಕೆ ಬಂದಳು, ನಾನು ಬೇಡವೆಂದು ತಲೆಯಾಡಿಸಿದೆ. ಅವರು ಕಟ್ಟಿ ಮುಗಿಸುವವರೆಗೂ ಕೈ ಚಾಚಿಕೊಂಡೇ ನಿಂತೆ.